ಹೊಗೆಯಲ್ಲಿ ನಿಧಾನಕ್ಕೆ ಮಾಂಸ ಬೇಯಿಸೋಕೆ ಯಾವ ಇದ್ದಿಲು ತರಲಿ?

ಕಲಬುರಗಿಯಿಂದ ಕೇಳಿದ್ದು
ಮಾಳಿಗೆ ಮೇಲೆ ಮುಚ್ಚಳ ಇರುವ ಗ್ರಿಲ್ ಇಟ್ಟಿದ್ದೇನೆ. 2 ಕೆ.ಜಿ. ಕುರಿ ತೊಡೆಯನ್ನು ಹೊಗೆಯಲ್ಲಿ ಐದಾರು ಗಂಟೆ ಬೇಯಿಸಬೇಕು ಅಂತ ಆಸೆ. ಎರಡು ಸಲ ಮಾಡಿದೆ. ಎರಡು ಸಲವೂ ಮೇಲೆ ಕರಕಲು, ಮೂಳೆ ಹತ್ತಿರ ಹಸಿ. ತಂದಿದ್ದು ಇಸ್ತ್ರಿಯವರು ಬಳಸುವ ಇದ್ದಿಲು. ಗೊತ್ತಿದ್ದವರು ಹೇಳ್ರಿ.

ಕಲಬುರಗಿಯಿಂದಲೇ ಒಬ್ಬರು
ಅಣ್ಣಾ, ನಾನೂ ಅದೇ ಚೀಲದಿಂದ ಶುರು ಮಾಡಿದವನು. ಇದ್ದಿಲು ಕೆಟ್ಟದ್ದಲ್ಲ. ಜಾಲಿ ಇದ್ದಿಲಾದರೆ ಕಾವು ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ಗಾತ್ರದಲ್ಲಿ. ಒಂದೇ ಚೀಲದಲ್ಲಿ ಮುಷ್ಟಿಯಷ್ಟು ದಪ್ಪದ ತುಂಡೂ ಇರುತ್ತದೆ, ಕಡಲೆಯಷ್ಟು ನುಚ್ಚೂ ಇರುತ್ತದೆ. ನುಚ್ಚು ಸಂದುಗಳನ್ನು ಮುಚ್ಚಿದರೆ ಗಾಳಿ ಆಡುವುದಿಲ್ಲ, ಕೆಂಡ ಮಂಕಾಗುತ್ತದೆ. ನಾವು ಗಾಬರಿಯಾಗಿ ಬೀಸುತ್ತೇವೆ, ಉರಿ ಭಗ್ ಅಂತ ಏಳುತ್ತದೆ. ಕರಕಲಾಗುವುದು ಆಗಲೇ.

ಈಗ ನಾನು ಚೀಲ ತಂದ ದಿನವೇ ಪೇಪರ್ ಮೇಲೆ ಸುರಿದು ಆರಿಸುತ್ತೇನೆ. ಮೊಟ್ಟೆ ಗಾತ್ರದವು ಮಾತ್ರ ಡಬ್ಬಿಗೆ. ಎರಡು ತುಂಡು ಬಡಿದರೆ ಖಣ್ ಅನ್ನಬೇಕು. ಮೆತ್ತಗೆ ಸದ್ದು ಬಂದರೆ ತೇವ ಇದೆ, ಇಲ್ಲವೇ ಒಳಗೆ ಕಟ್ಟಿಗೆ ಸರಿಯಾಗಿ ಸುಟ್ಟಿಲ್ಲ. ಮುರಿದಾಗ ಕಂದು ಕಂಡರೆ ಅದೂ ಬೇಡ, ದಟ್ಟ ಬಿಳಿ ಹೊಗೆ ಬಂದು ಮಾಂಸ ಕಹಿಯಾಗುತ್ತದೆ. ನುಚ್ಚು ಎಸೆಯಬೇಡಿ, ಸಿಗಡಿ ಒಲೆಗೆ ಆಗುತ್ತದೆ.

ಗ್ರಿಲ್ಲಿನ ಅಂಚಿಗೆ ಅರ್ಧ ಸುತ್ತು ಎರಡು ಸಾಲು ಜೋಡಿಸಿ, ಒಂದು ತುದಿಗೆ ಮಾತ್ರ ಏಳೆಂಟು ಕೆಂಡ ಇಡಿ. ಊದಿನಕಡ್ಡಿಯ ಹಾಗೆ ತಾನೇ ಮುಂದೆ ಸಾಗುತ್ತದೆ. ಮಾಂಸ ಎದುರು ಬದಿಗೆ, ಅದರ ಕೆಳಗೆ ನೀರಿನ ತಟ್ಟೆ. ಗ್ರಿಲ್ಲಿನ ಒಳಗಿನ ಕಾವು 110–120 ಡಿಗ್ರಿ ಸಾಕು. ಜಾಸ್ತಿಯಾದರೆ ಕೆಳಗಿನ ಗಾಳಿಕಿಂಡಿ ಸ್ವಲ್ಪ ಮುಚ್ಚಿ. ಮುಚ್ಚಳ ಪದೇ ಪದೇ ತೆಗೆಯಬೇಡಿ.

ಒಂದು ಮಾತು ಬಿಟ್ಟೆ. ಕೆಂಡವನ್ನು ಶಹಾಬಾದ್ ಕಲ್ಲಿನ ಮೇಲೆ ಸುರಿಯಬೇಡಿ. ನಮ್ಮ ಮಾಳಿಗೆಯ ಒಂದು ಕಲ್ಲು ಟಪ್ ಅಂತ ಸಿಡಿದು ಪದರ ಎದ್ದಿತು. ಮನೆಯವಳು ಇನ್ನೂ ಮರೆತಿಲ್ಲ.

ಬೀದರ್‌ನಿಂದ
ಆರಿಸುವ ಗೋಳು ಬೇಡ ಅಂದರೆ ಬ್ರಿಕೆಟ್ ತನ್ನಿ. ಇದ್ದಿಲು ಪುಡಿಯನ್ನು ಗಂಜಿ ಹಾಕಿ ಒತ್ತಿದ ಉಂಡೆಗಳು. ಎಲ್ಲ ಒಂದೇ ಗಾತ್ರ, ಸಾಲು ಜೋಡಿಸಲು ಸುಲಭ. ದುಡ್ಡು ಜಾಸ್ತಿ, ಬೂದಿಯೂ ಜಾಸ್ತಿ. ಆದರೆ ಕಡ್ಡಿ ಗೀರಿದ ಕೂಡಲೇ ಹತ್ತುವಂಥದ್ದು ಬೇಡವೇ ಬೇಡ, ಅದಕ್ಕೆ ಎಣ್ಣೆ ಸೇರಿಸಿರುತ್ತಾರೆ. ನಾನು ಅದರಲ್ಲಿ ಕೋಳಿ ಮಾಡಿದ ದಿನ ನಮ್ಮತ್ತೆ ಒಂದು ತುತ್ತು ತಿಂದು, "ಸೀಮೆಎಣ್ಣೆ ಸ್ಟೋವ್ ಇನ್ನೂ ಇಟ್ಟೀಯೇನಪ್ಪಾ?" ಅಂದರು.

ಯಾದಗಿರಿಯಿಂದ
ಇದ್ದಿಲಿನಲ್ಲಿ ರುಚಿ ಹುಡುಕಬೇಡಿ, ಅದು ಕೊಡುವುದು ಕಾವು. ಹೊಗೆಯ ಪರಿಮಳ ಕಟ್ಟಿಗೆಯದ್ದು. ಚೆನ್ನಾಗಿ ಒಣಗಿದ ಪೇರಲ ಅಥವಾ ಮಾವಿನ ತುಂಡು ಮೂರ್ನಾಲ್ಕು, ಇದ್ದಿಲ ಸಾಲಿನ ಮೇಲೆ ದೂರ ದೂರ ಇಡಿ. ಬೇವು ಬೇಡ. ಬಣ್ಣ ಹಚ್ಚಿದ ಹಳೇ ಬಾಗಿಲು, ಕಿಟಕಿ ಕಟ್ಟಿಗೆಯಂತೂ ಮುಟ್ಟಲೇಬೇಡಿ. ಹೊಗೆ ತೆಳ್ಳಗೆ, ನೀಲಿ ಛಾಯೆಯಲ್ಲಿ ಬಂದ ಮೇಲೆಯೇ ಮಾಂಸ ಇಡಿ. ಮಳೆ ಬಂತು ಅಂತ ಗ್ರಿಲ್ ಮನೆಯೊಳಗೆ ತರಬೇಡಿ. ಹೊಗೆ ಕಾಣದಿದ್ದರೂ ಕೆಂಡದಿಂದ ಬರುವ ವಿಷಗಾಳಿ ಜೀವ ತೆಗೆಯುತ್ತದೆ.

ಕೇಳಿದವರೇ, ಭಾನುವಾರ ರಾತ್ರಿ
ಅದೇ ಇಸ್ತ್ರಿ ಇದ್ದಿಲು, ಆರಿಸಿದ್ದು. ಮಧ್ಯಾಹ್ನ 12ಕ್ಕೆ ಇಟ್ಟೆ. ಮಾಂಸದೊಳಗಿನ ಕಾವು 70ಕ್ಕೆ ಬಂದು ಒಂದೂವರೆ ಗಂಟೆ ಅಲ್ಲೇ ಕೂತಿತು. ಬೀಸಣಿಗೆ ಕೈಗೆ ಬಂದಿತ್ತು, ತಡೆದುಕೊಂಡೆ. 92 ಆಗುವಷ್ಟರಲ್ಲಿ ಸಂಜೆ 7. ಮೂಳೆ ಎಳೆದರೆ ಬರೀ ಮೂಳೆ ಕೈಗೆ ಬಂತು. ಜೋಳದ ರೊಟ್ಟಿ ಹತ್ತು ಸಾಲಲಿಲ್ಲ. ಯಾದಗಿರಿ ಅಣ್ಣಾ, ಪೇರಲ ಕಟ್ಟಿಗೆ ನಿಮ್ಮ ಕಡೆ ಇನ್ನೂ ಇದೆಯಾ?