ಕೀಮೋ ಊರಿನ ನರ್ಸಿಂಗ್ ಹೋಮ್‌ನಲ್ಲೇ ಹಾಕಿಸಬಹುದಾ?

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್. ಬೆಂಗಳೂರಲ್ಲಿ ಎಸಿ ಕೀಮೋ (ಡಾಕ್ಸೊರುಬಿಸಿನ್, ಸೈಕ್ಲೊಫಾಸ್ಫಮೈಡ್) ಒಂದು ಸಲ ಆಗಿದೆ, ಇನ್ನೂ ಮೂರು ಬಾಕಿ. ಕೈಗೇ ಸೂಜಿ ಹಾಕ್ತಾರೆ. 21 ದಿನಕ್ಕೊಮ್ಮೆ ಚಿತ್ರದುರ್ಗದಿಂದ ಓಡಾಟ ಕಷ್ಟ. ಡಾಕ್ಟರ್ ಡೋಸ್ ಬರೆದುಕೊಟ್ಟರೆ ಊರಲ್ಲೇ ಹಾಕಿಸಬಹುದಲ್ವಾ? ಕ್ಯಾನ್ಸರ್ ನರ್ಸೇ ಬೇಕಾ?

ಉತ್ತರ (ಆಂಕಾಲಜಿ ನರ್ಸ್): ಡಾಕ್ಸೊರುಬಿಸಿನ್ ಇರುವವರೆಗೆ ಬೇಕು. ಆ ಕೆಂಪು ಔಷಧಿ ನರದೊಳಗೆ ಹೋದರೆ ಸರಿ, ಹೊರಗೆ ಸೋರಿದರೆ ಸುತ್ತಲಿನ ಮಾಂಸ ಕೊಳೆಯುತ್ತದೆ. ಮೊದಲ ದಿನ ಬರೀ ಉರಿ, ಸ್ವಲ್ಪ ಕೆಂಪು; ಹುಣ್ಣಾಗುವುದು ದಿನಗಳೋ ವಾರಗಳೋ ಕಳೆದ ಮೇಲೆ. ಅದಕ್ಕೇ ಪಳಗಿದ ಸಿಸ್ಟರ್ ಮೊಣಕೈ ಮಡಿಕೆ, ಮಣಿಕಟ್ಟು ಬಿಟ್ಟು ಮುಂಗೈಯ ಒಳ್ಳೆಯ ನರ ಹುಡುಕುತ್ತಾರೆ. ಹಿಂದಿನ ದಿನ ಹಾಕಿದ ಕ್ಯಾನುಲಾ (ನರದೊಳಗೆ ಕೂರಿಸುವ ಸಣ್ಣ ಪ್ಲಾಸ್ಟಿಕ್ ನಳಿಕೆ) ಬಳಸಲ್ಲ. ಸಲೈನ್ ಓಡುತ್ತಿರುವಾಗಲೇ ಔಷಧಿಯನ್ನು ನಿಧಾನಕ್ಕೆ ತಳ್ಳುತ್ತಾ, ಪ್ರತಿ 2ರಿಂದ 5 ಮಿಲಿಗೆ ಒಮ್ಮೆ ಹಿಂದಕ್ಕೆಳೆದು ರಕ್ತ ಬರುತ್ತಾ ಅಂತ ನೋಡುತ್ತಾರೆ.

ಸೋರಿತು ಅನ್ನಿಸಿದರೆ ಗೊತ್ತಿಲ್ಲದವರು ಮಾಡುವ ಮೊದಲ ತಪ್ಪು, ಕ್ಯಾನುಲಾ ಕಿತ್ತು ಹಾಕೋದು. ಎರಡನೆಯದು, ಸಲೈನ್ ತಳ್ಳಿ ‘ತೊಳೆಯೋದು’. ಔಷಧಿ ನಿಲ್ಲಿಸಿ, ಕ್ಯಾನುಲಾ ಅಲ್ಲೇ ಬಿಟ್ಟು, ಅದರಿಂದಲೇ ಸಿರಿಂಜ್‌ನಲ್ಲಿ ಎಳೆದಷ್ಟು ಎಳೆಯಬೇಕು. ಆಮೇಲೆ ತೆಗೆದು, ಉಜ್ಜದೆ, ತಣ್ಣನೆಯ ಪ್ಯಾಕ್ ಇಡಬೇಕು. ವಿನ್‌ಕ್ರಿಸ್ಟಿನ್ ಅನ್ನೋ ಇನ್ನೊಂದು ಕೀಮೋ ಔಷಧಿ ಸೋರಿದರೆ ಬಿಸಿ ಶಾಖ, ಡಾಕ್ಸೊರುಬಿಸಿನ್‌ಗೆ ತಣ್ಣನೆಯದು. ಅದಲುಬದಲಾದರೆ ಗಾಯ ಹೆಚ್ಚಾಗುತ್ತದೆ. ಡಾಕ್ಸೊರುಬಿಸಿನ್ ಸೋರಿಕೆಗೆ ಪ್ರತ್ಯೌಷಧ ಡೆಕ್ಸ್‌ರಾಝೋಕ್ಸೇನ್, ಸೋರಿದ 6 ಗಂಟೆಯೊಳಗೆ ಶುರುವಾಗಬೇಕು.

ನರ ಸಿಗುತ್ತಿಲ್ಲ ಅಂದರೆ ಪೋರ್ಟ್ (ಎದೆಯ ಚರ್ಮದಡಿ ಕೂರಿಸುವ ಸಣ್ಣ ಡಬ್ಬಿ) ಅಥವಾ ಪಿಕ್ ಲೈನ್ (ತೋಳಿನಿಂದ ಎದೆಯ ದೊಡ್ಡ ನರದವರೆಗೆ ಹೋಗುವ ತೆಳು ಕೊಳವೆ) ಹಾಕಿಸುವ ಬಗ್ಗೆ ಡಾಕ್ಟರನ್ನು ಈಗಲೇ ಕೇಳಿ.

ಪ್ರಶ್ನೆ: ಹಾಗಾದ್ರೆ ಊರಲ್ಲಿ ಏನೂ ಮಾಡಿಸೋಕೆ ಆಗಲ್ವಾ ಸಿಸ್ಟರ್?

ಉತ್ತರ (ಆಂಕಾಲಜಿ ನರ್ಸ್): ಯಾಕಾಗಲ್ಲ? ಕೀಮೋಗೆ ಮುಂಚಿನ ಸಿಬಿಸಿ (ರಕ್ತಕಣ ಎಣಿಸುವ ಪರೀಕ್ಷೆ) ಅಲ್ಲೇ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡಿ. ಕೌಂಟ್ ಕಮ್ಮಿ ಇದ್ದರೆ ಬೆಂಗಳೂರಿಗೆ ಬಂದು ವಾಪಸ್ ಹೋಗೋದು ತಪ್ಪುತ್ತೆ. ಕೌಂಟ್ ಏರಿಸುವ ಇಂಜೆಕ್ಷನ್ ಬರೆದಿದ್ದರೆ ಚರ್ಮದಡಿ ಕೊಡುವಂಥದ್ದು, ಊರಿನ ಸಿಸ್ಟರೇ ಕೊಡಬಹುದು. ಆದರೆ ಕೀಮೋ ಮುಗಿದು 24 ಗಂಟೆ ಆಗಿರಲೇಬೇಕು. ಪಿಕ್ ಲೈನ್ ಹಾಕಿಸಿದರೆ ವಾರಕ್ಕೊಮ್ಮೆ ಡ್ರೆಸಿಂಗ್, 10 ಮಿಲಿ ಸಲೈನ್ ಫ್ಲಶ್ (ಲೈನ್ ಕಟ್ಟಿಕೊಳ್ಳದಂತೆ ಸಲೈನ್ ತಳ್ಳೋದು). ಸಿರಿಂಜ್ 10 ಮಿಲಿಯದ್ದೇ ಇರಲಿ. 2 ಮಿಲಿಯದ್ದರಲ್ಲಿ ಒತ್ತಡ ಜಾಸ್ತಿ, ಲೈನ್ ಒಡೆಯಬಹುದು. ತಳ್ಳುವಾಗ ಗಟ್ಟಿ ಅನ್ನಿಸಿದರೆ ಬಲ ಹಾಕಬಾರದು.

ಪ್ರಶ್ನೆ: ಮೊದಲ ಕೀಮೋ ಆದ ಹತ್ತನೇ ದಿನ ಜ್ವರ ಬಂದಿತ್ತು. ಡೋಲೊ ಕೊಟ್ಟೆವು, ಇಳೀತು. ಮುಂದಿನ ಸಲವೂ ಹಾಗೇ ಮಾಡಬಹುದಾ?

ಉತ್ತರ (ಆಂಕಾಲಜಿ ನರ್ಸ್): ಬೇಡ. 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತೀರಾ ಕೆಳಗಿರುತ್ತೆ. ಆಗ ಡೋಲೊ ಜ್ವರವನ್ನು ಮುಚ್ಚಿಡುತ್ತೆ ಅಷ್ಟೆ, ಸೋಂಕು ಒಳಗೇ ಬೆಳೆಯುತ್ತೆ. ಥರ್ಮಾಮೀಟರ್ 100.4 ತೋರಿಸಿದರೆ ರಾತ್ರಿ ಎರಡಾದರೂ ವಾರ್ಡ್‌ಗೆ ಫೋನ್ ಮಾಡಿ, ಬೆಂಗಳೂರು ದಾರಿ ಹಿಡಿಯದೆ ಹತ್ತಿರದ ಆಸ್ಪತ್ರೆಗೇ ಹೋಗಿ. ಹೋದ ಒಂದು ಗಂಟೆಯೊಳಗೆ ನರದ ಮೂಲಕ ಆಂಟಿಬಯೋಟಿಕ್ ಶುರುವಾಗಬೇಕು. "ಕೀಮೋ ಆಗಿ ಇಷ್ಟು ದಿನ" ಅನ್ನೋದನ್ನ ಬಾಗಿಲಲ್ಲೇ ಹೇಳಿ, ಇಲ್ಲದಿದ್ದರೆ ಮಾಮೂಲಿ ಜ್ವರದ ಸಾಲಲ್ಲಿ ಕೂರಿಸುತ್ತಾರೆ.

ಇನ್ನೊಬ್ಬರ ಉತ್ತರ (ಕ್ಯಾನ್ಸರ್ ತಜ್ಞ): ಎಸಿ ಮುಗಿದ ಮೇಲೆ ಉಳಿದ ಚಿಕಿತ್ಸೆ ಊರಿಗೆ ವರ್ಗಾಯಿಸೋದಾದರೆ ಅಲ್ಲಿ ಮೂರು ಕೇಳಿ. ಔಷಧಿ ಕಲಸೋದು ಎಲ್ಲಿ? ಬಯೋಸೇಫ್ಟಿ ಕ್ಯಾಬಿನೆಟ್ (ಔಷಧಿಯ ಕಣ ಹೊರಗೆ ಹರಡದಂತೆ ಗಾಳಿ ಸೋಸುವ ಪೆಟ್ಟಿಗೆ) ಇರಬೇಕು, ಫ್ಯಾನ್ ಕೆಳಗಿನ ಟೇಬಲ್ ಅಲ್ಲ. ಸೋರಿದರೆ ಬೇಕಾಗುವ ಕಿಟ್ ವಾರ್ಡಲ್ಲೇ ಇದೆಯಾ? ವಾರಕ್ಕೆ ಎಷ್ಟು ಕೀಮೋ ಕೊಡ್ತಾರೆ? ಆಂಕಾಲಜಿ ನರ್ಸಿಂಗ್‌ನಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ, ಇದ್ದರೆ ಒಳ್ಳೆಯದು. ಆದರೆ ಸರ್ಟಿಫಿಕೇಟ್ ಇಟ್ಟುಕೊಂಡು ತಿಂಗಳಿಗೊಂದು ಕೀಮೋ ಕೊಡುವವರಿಗಿಂತ, ದಿನಾ ಅದೇ ಕೆಲಸ ಮಾಡುವ ಸಿಸ್ಟರ್ ಕೈಗೆ ನಾನು ರೋಗಿಯನ್ನು ಒಪ್ಪಿಸುತ್ತೇನೆ.