ಸಹಾಯ ಬೇಕು: ವಜ್ರದ ಉಂಗುರ ಪೂರ್ತಿ ಸುತ್ತಿನದೋ, ಅರ್ಧ ಸುತ್ತಿನದೋ?

ಎಲ್ಲರಿಗೂ ನಮಸ್ಕಾರ. ಮದುವೆಯ 25ನೇ ವರ್ಷಕ್ಕೆ ಹೆಂಡತಿಗೆ ವಜ್ರದ ಎಟರ್ನಿಟಿ ಉಂಗುರ (ಪಟ್ಟಿಯ ಉದ್ದಕ್ಕೂ ಒಂದೇ ಸಾಲಿನಲ್ಲಿ ಹರಳು ಕೂರಿಸಿದ್ದು; ಸುತ್ತಲೂ ಹರಳಿದ್ದರೆ ಪೂರ್ತಿ ಸುತ್ತಿನದು, ಮೇಲಿನ ಅರ್ಧಕ್ಕಷ್ಟೇ ಇದ್ದರೆ ಅರ್ಧ ಸುತ್ತಿನದು) ಕೊಡಿಸಬೇಕೆಂದಿದ್ದೇನೆ. 18 ಕ್ಯಾರೆಟ್ ಚಿನ್ನ, ಒಳಗೆ 750 ಎಂಬ ಹಾಲ್‌ಮಾರ್ಕ್, ಇಷ್ಟು ತೀರ್ಮಾನವಾಗಿದೆ. ಹಿಟ್ಟು ನಾದುವಾಗಲೂ ಉಂಗುರ ಬಿಚ್ಚಿಡುವವಳಲ್ಲ ಅವಳು. ಆದ್ದರಿಂದ ಹರಳನ್ನು ಹಿಡಿದಿಡುವ ಕೊಕ್ಕೆಗಳು ಬೇಡ, ಎರಡು ಅಂಚುಗಳ ನಡುವೆ ಹರಳು ಕೂರುವ ಚಾನೆಲ್ ಸೆಟ್ಟಿಂಗ್ ಇರಲಿ ಎಂದುಕೊಂಡಿದ್ದೇವೆ.

ತೊಡಕೆಲ್ಲ ಬೆರಳಿನದು. ಅವಳ ಬೆರಳಿನ ಗೆಣ್ಣು ದಪ್ಪ, ಬುಡ ಸಣ್ಣ. ಗೆಣ್ಣು ದಾಟುವ ಅಳತೆಯ ಉಂಗುರ ಬುಡಕ್ಕೆ ಬಂದೊಡನೆ ಗಿರಗಿರನೆ ತಿರುಗುತ್ತದೆ. ಅರ್ಧ ಸುತ್ತಿನದಾದರೆ ಹರಳುಗಳು ಅಂಗೈ ಕಡೆಗೆ ಜಾರಿ, ಮೇಲೆ ಬರಿಯ ಚಿನ್ನದ ಪಟ್ಟಿ ಉಳಿಯುತ್ತದೆ. ಅಷ್ಟು ದುಡ್ಡು ಕೊಟ್ಟು ಪಟ್ಟಿ ನೋಡುವುದೇ? ಪೂರ್ತಿ ಸುತ್ತಿನದಕ್ಕೆ ಆ ಚಿಂತೆಯಿಲ್ಲ. ಆದರೆ ಸುತ್ತಲೂ ಹರಳಿರುವುದರಿಂದ ಮುಂದೆ ಬೆರಳು ದಪ್ಪವಾದರೆ ಹಿಗ್ಗಿಸುವುದು ಕಷ್ಟವಂತೆ. ನಮ್ಮ ವಯಸ್ಸಿನಲ್ಲಿ ಬೆರಳು ತೆಳ್ಳಗಾಗುವುದಂತೂ ಸುಳ್ಳು!

ಅಳತೆಯ ಉಂಗುರಗಳನ್ನು ಬೆಳಿಗ್ಗೆಯೂ ಸಂಜೆಯೂ ಹಾಕಿಸಿ ನೋಡಿದ್ದಾಯಿತು, ಸಂಜೆಗೆ ಬೆರಳು ತುಸು ಊದಿರುತ್ತದೆ. ಅಂಗಡಿಯವರು ಪೂರ್ತಿಯದನ್ನೇ ಕೊಳ್ಳಿ ಎನ್ನುತ್ತಾರೆ (ಅವರಿಗೆ ಅದೇ ಲಾಭ). ನಮ್ಮ ಪರಿಚಯದ ಅಕ್ಕಸಾಲಿಗರು, ಅರ್ಧದ್ದನ್ನೇ ಮಾಡಿಸಿ ಒಳಬದಿಗೆ ಎರಡು ಪುಟ್ಟ ಚಿನ್ನದ ಗುಂಡು ಬೆಸೆದರೆ ತಿರುಗದು ಎನ್ನುತ್ತಾರೆ.

ಹೀಗೆ ಗುಂಡು ಬೆಸೆಸಿದ ಉಂಗುರವನ್ನು ದಿನವೂ ತೊಡುವವರು ಇಲ್ಲಿದ್ದೀರಾ? ಬೆರಳಿಗೆ ಒತ್ತುತ್ತದೆಯೇ, ನಿಜಕ್ಕೂ ತಿರುಗದೆ ನಿಲ್ಲುತ್ತದೆಯೇ? ಇಲ್ಲವೆಂದಾದರೆ ಪೂರ್ತಿ ಸುತ್ತಿನದನ್ನೇ ಕೊಳ್ಳಲೇ?