ನಾಲ್ಕು ದಿನದ ಕೂಸಿನ ಮೈಮೇಲೆ ಕೆಂಪು ದದ್ದು, ಏನು ಹಚ್ಚಬೇಕು?

ಕೇಳಿದವರು (ದಾವಣಗೆರೆ): ಎದಿ, ಬೆನ್ನಿಗೆಲ್ಲ ಕೆಂಪು ದದ್ದು, ನಡುವೆ ಹಳದಿ ತುದಿ ಸಣ್ಣ ಗುಳ್ಳೆ. ಹಾಲು ಕುಡೀತೈತಿ, ಜ್ವರ ಇಲ್ಲ. ಅಜ್ಜಿ ಕಡಲೆಹಿಟ್ಟು ಹಚ್ಚಿ ಎರೆದು ಬೋರಿಕ್ ಪೌಡರ್ ಹಾಕು ಅಂತಾರೆ. ಅನುಭವ ಇದ್ದೋರು ಹೇಳ್ರಿ.

ಹರಿಹರ: ಬೋರಿಕ್ ಮುಟ್ಟಬ್ಯಾಡ್ರಿ. ತರಚಿದ ಚರ್ಮದಿಂದ ರಕ್ತಕ್ಕಿಳಿದು ವಾಂತಿ, ಭೇದಿ, ಫಿಟ್ಸ್ ತನಕ ಹೋಗಬಹುದು. ಕಡಲೆಹಿಟ್ಟು ಉಜ್ಜೋದೇ ತರಚೋಕೆ ದಾರಿ. ನಿಮ್ಮ ವರ್ಣನೆ ಎರಿಥೆಮಾ ಟಾಕ್ಸಿಕಂ (ಹೊಸದಾಗಿ ಹುಟ್ಟಿದ ಕೂಸಿಗೆ ಬರೋ, ಅಪಾಯ ಇಲ್ಲದ ದದ್ದು) ಇದ್ದಂಗೈತಿ: ಎರಡ್ಮೂರನೇ ದಿನ ಏಳ್ತೈತಿ, ಇಲ್ಲಿ ಅಡಗಿ ಅಲ್ಲಿ ಬರ್ತೈತಿ, ಎರಡು ವಾರದೊಳಗೆ ತಾನೇ ಹೋಗ್ತೈತಿ. ಅಂಗೈ, ಅಂಗಾಲಿಗೆ ಸಾಮಾನ್ಯವಾಗಿ ಬರಲ್ಲ. ಬಂದಿದ್ರೆ ಡಾಕ್ಟರಿಗೆ ತೋರಿಸ್ರಿ. 100.4 ಫ್ಯಾರನ್‌ಹೀಟ್ ಮುಟ್ಟಿದ್ರೆ, ಹಾಲು ಬಿಟ್ರೆ, ನೀರುಗುಳ್ಳೆ ಗೊಂಚಲಾಗಿ ಎದ್ರೆ ಅವತ್ತೇ ಆಸ್ಪತ್ರೆ.

ಪಿ.ಜೆ. ಬಡಾವಣೆ: ಈ ಬಿಸಿಲಿಗೆ ಅರ್ಧ ಬೆವರುಸಾಲೆನೇ ಇರ್ತೈತಿ. ಕುತ್ತಿಗೆ, ಕಂಕುಳ, ಕುಲಾವಿ ಬಿಗಿದ ಹಣೆ ನೋಡ್ರಿ. ಕುಲಾವಿ, ಸ್ವೆಟರ್ ಬಿಚ್ಚಿ ಒಂದೇ ಪದರ ಹತ್ತಿ ಬಟ್ಟೆ ಹಾಕ್ರಿ. ಕಿಟಕಿ ಮುಚ್ಚಿ ಕೆಂಡಕ್ಕೆ ಲೋಬಾನ ಸುರಿದ್ರೆ ಗುಳ್ಳೆ ಏಳದೆ ಇನ್ನೇನು?

ಚಿತ್ರದುರ್ಗ: ಲೋಬಾನ ಹಾಕದೆ ತಲೆ ಒಣಗೋದೆಂಗೆ? ತಲೆ ಹಕ್ಕಳೆಗೂ ನಮ್ಮದೇ ಪದ್ಧತಿ ಸೈ: ರಾತ್ರಿಯಿಡೀ ಎಣ್ಣೆ.

ಹರಿಹರ: ಹತ್ತಿ ಬಟ್ಟೇಲಿ ಒತ್ತಿದ್ರೆ ಒಣಗ್ತೈತಿ ಅಕ್ಕಾ. ರಾತ್ರಿಯಿಡೀ ಎಣ್ಣೆ ಬಿಟ್ರೆ ಅಲ್ಲಿರೋ ಯೀಸ್ಟಿಗೆ (ಚರ್ಮದ ಮೇಲಿರೋ ಒಂದು ಫಂಗಸ್) ಹಬ್ಬ. ಎರೆಯೋಕೆ ಹದಿನೈದು ನಿಮಿಷ ಮುಂಚೆ ಹಚ್ಚಿ, ಮೆತ್ತನೆ ಬ್ರಷಿನಿಂದ ಸಡಿಲಿಸಿ, ಜಿಡ್ಡು ಹೋಗೋ ಹಂಗ ತೊಳೀರಿ. ಉಗುರಿಂದ ಕೀಳಬ್ಯಾಡ್ರಿ, ಕೀವಾಗ್ತೈತಿ.

ಚಿತ್ರದುರ್ಗ: ಹೌದು ಬಿಡ್ರಿ, ಯೀಸ್ಟ್ ಅಂತ ಹೆಸರಿಟ್ಟ ಮೇಲೆ ಅಜ್ಜಿಯರೆಲ್ಲ ದಡ್ಡರು!

ಹೊಳಲ್ಕೆರೆ: ಡೈಪರ್ ದದ್ದು ಯಾರೂ ಎತ್ತಲಿಲ್ಲ. ಜಿಂಕ್ ಆಕ್ಸೈಡ್ ಕ್ರೀಮ್ ದಪ್ಪಗೆ ಬಳೀರಿ, ಪ್ರತಿ ಸಲ ಕೆರೆದು ತೆಗೀಬೇಡಿ, ಗಲೀಜಾದ ಪದರ ಮಾತ್ರ ಒರೆಸಿ. ಬಣ್ಣದ ಡಬ್ಬಿಗೆ ದುಡ್ಡು ಸುರೀಬೇಡಿ, ಹಿಂದೆ ಜಿಂಕ್ ಎಷ್ಟು ಶೇಕಡಾ ಅಂತ ಓದಿ. ತೊಡೆ ಸಂದಿನ ಮಡಿಕೆ ಒಳಗೂ ಕೆಂಪಾಗಿ, ಅಂಚಿನಾಚೆ ಬಿಡಿ ಚುಕ್ಕೆ ಎದ್ದರೆ ಅದು ಫಂಗಸ್, ಬರೀ ಜಿಂಕ್‌ಗೆ ಬಗ್ಗಲ್ಲ. ಡಾಕ್ಟರಿಗೆ ಕೇಳಿ ಕ್ಲೋಟ್ರಿಮಜೋಲ್ ಅನ್ನೋ ಫಂಗಸ್ ಕ್ರೀಮ್ ತಗೋಬೇಕು. ಮೆಡಿಕಲ್ ಶಾಪಿನೋರು ಸ್ಟಿರಾಯ್ಡ್ ಬೆರೆತ ಟ್ಯೂಬ್ ಕೈಗಿಟ್ಟರೆ ಅಲ್ಲೇ ವಾಪಸ್ ಕೊಡಿ. ಎರಡು ದಿನ ಕೆಂಪು ಇಳಿಯುತ್ತೆ, ಆಮೇಲೆ ಫಂಗಸ್ ಇನ್ನೂ ಹಬ್ಬುತ್ತೆ, ಚರ್ಮ ತೆಳ್ಳಗಾಗುತ್ತೆ.

ಪಿ.ಜೆ. ಬಡಾವಣೆ: ಅವರು ಕೇಳಿದ್ದು ಎದಿ, ಬೆನ್ನು ರೀ. ನೀವು ತೊಡೆಗೆ ಹೋದ್ರಿ.

ಹೊಳಲ್ಕೆರೆ: ನೀವು ಲೋಬಾನಕ್ಕೆ ಹೋಗಲಿಲ್ವಾ?

ಕೇಳಿದವರು: ಟಾಲ್ಕಂ ಪೌಡರ್ ಆದ್ರೂ ಹಾಕಬಹುದಾ?

ಹರಿಹರ: ಬ್ಯಾಡ. ಉದುರಿಸುವಾಗ ಏಳೋ ಧೂಳು ಕೂಸಿನ ಶ್ವಾಸಕೋಶಕ್ಕೆ ಹೋಗ್ತೈತಿ.

ಚಿತ್ರದುರ್ಗ: ನಾಳೆ ಕಾಡಿಗೆ ಬೊಟ್ಟೂ ಬೇಡ ಅಂತೀರಿ.

ಹರಿಹರ: ಸೀಸ ಇರೋ ಕಾಡಿಗೆನೂ ಮಾರ್ತಾರೆ ಅಕ್ಕಾ. ಕಣ್ಣಿಗಂತೂ ಬ್ಯಾಡವೇ ಬ್ಯಾಡ.